ಆರನೇ ನಂಬರ್ ಯಾವಾಗ ಮೇಲೆ ಬೀಳಬೇಕು?

ಮಂಡ್ಯದ ನಮ್ಮನೆ ಮಹಡಿ ರೂಮಿನಲ್ಲಿ ನಾನೂ ನನ್ನ ತಮ್ಮನೂ ಫುಟ್‌ಬಾಲ್ ಮ್ಯಾನೇಜರ್ ಅನ್ನೋ ಕಂಪ್ಯೂಟರ್ ಗೇಮ್ ಆಡುತ್ತೇವೆ. ಹೋದ ವಾರ ಅವನ ಟೀಮು ಒಂದೇ ಮ್ಯಾಚಿನಲ್ಲಿ ನಾಲ್ಕು ಗೋಲು ತಿಂದಿತು. ನಾಲ್ಕೂ ಒಂದೇ ಕಡೆಯಿಂದ, ಡಿಫೆಂಡರ್‌ಗಳ ಮುಂದಿನ ಖಾಲಿ ಜಾಗದಿಂದ. ಆ ಜಾಗ ಕಾಯುವವನೇ ಡಿಫೆನ್ಸಿವ್ ಮಿಡ್‌ಫೀಲ್ಡರ್, ಫುಟ್‌ಬಾಲ್ ಭಾಷೆಯಲ್ಲಿ ಆರನೇ ನಂಬರ್.

"ಅಣ್ಣ, ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ಟ್ಯಾಕ್ಲಿಂಗ್ 20ಕ್ಕೆ 17 ಇದೆ. ಆದ್ರೂ ಯಾಕೆ ಹಿಂಗೆ?" ಅಂದ. ಟ್ಯಾಕ್ಲಿಂಗ್ ಅಂದರೆ ಎದುರಾಳಿಯ ಕಾಲಿಂದ ಚೆಂಡು ಕಿತ್ತುಕೊಳ್ಳುವುದು.

ನೋಡಿದರೆ, ಬಾಲ್ ವಿನ್ನಿಂಗ್ ಮಿಡ್‌ಫೀಲ್ಡರ್ ರೋಲ್ ಕೊಟ್ಟು ಪ್ರೆಸ್ಸಿಂಗ್, ಅಂದರೆ ಚೆಂಡು ಇರುವವನ ಮೇಲೆ ಬೀಳುವುದನ್ನು, ಪೂರ್ತಿ ಏರಿಸಿಟ್ಟಿದ್ದ. ಪಾಪ, ಆ ಹುಡುಗ ಚೆಂಡು ಹೋದ ಕಡೆಗೆಲ್ಲ ಓಡುತ್ತಿದ್ದ.

ಒಂದು ಸಣ್ಣ ಲೆಕ್ಕ ಹಾಕೋಣ. ಗಟ್ಟಿಯಾಗಿ ಒದ್ದ ಪಾಸ್ ಸೆಕೆಂಡಿಗೆ 15 ಮೀಟರ್ ಹೋಗುತ್ತೆ ಅಂದುಕೊಳ್ಳಿ. 12 ಮೀಟರ್ ದಾಟಲು ಅದಕ್ಕೆ 0.8 ಸೆಕೆಂಡ್ ಸಾಕು. ಕಣ್ಣು ನೋಡಿ ಕಾಲು ಅಲ್ಲಾಡುವಷ್ಟರಲ್ಲೇ ಸುಮಾರು 0.2 ಸೆಕೆಂಡ್ ಹೋಯಿತು. ಉಳಿದ 0.6 ಸೆಕೆಂಡಿನಲ್ಲಿ, ನಿಂತಲ್ಲಿಂದ ಹೊರಟವನು ಹೆಚ್ಚುಕಮ್ಮಿ ಒಂದು ಮೀಟರ್ ಹೋಗುತ್ತಾನೆ, ಅಷ್ಟೇ. ಅದೇ ಪಾಸ್ ಎಲ್ಲಿಗೆ ಬರುತ್ತೆ ಅಂತ ಮೊದಲೇ ಊಹಿಸಿ ಹೆಜ್ಜೆ ಹಾಕುತ್ತಿದ್ದವನು ಅಷ್ಟೇ ಹೊತ್ತಿನಲ್ಲಿ ನಾಲ್ಕು ಮೀಟರ್ ಮುಂದಿರುತ್ತಾನೆ. ಹಾಗಾಗಿ ನಾನು ಈ ಜಾಗಕ್ಕೆ ಆಟಗಾರನನ್ನು ಹುಡುಕುವಾಗ ಟ್ಯಾಕ್ಲಿಂಗ್‌ಗಿಂತ ಮೊದಲು ಆಂಟಿಸಿಪೇಶನ್ (ಮೊದಲೇ ಊಹಿಸುವುದು), ಪೊಸಿಶನಿಂಗ್ (ಸರಿಯಾದ ಜಾಗದಲ್ಲಿ ನಿಲ್ಲುವುದು) ನೋಡುತ್ತೇನೆ.

ಜೋರಾಗಿ ಓಡಿದರೆ ಆಯ್ತಲ್ವಾ ಅಂತ ಕೇಳಬಹುದು. ಸೆಕೆಂಡಿಗೆ ಎಂಟು ಮೀಟರ್ ಓಡುತ್ತಿರುವವನು ಪೂರ್ತಿ ನಿಲ್ಲಲು ಸುಮಾರು ಆರು ಮೀಟರ್ ಬೇಕು. ಎದುರಾಳಿ ಸುಮ್ನೆ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಸಾಕು, ಇವನು ಆಟದಿಂದಲೇ ಹೊರಗೆ. ಕೊನೆಯ ಎರಡು ಮೂರು ಹೆಜ್ಜೆ ಸಣ್ಣದಾಗಬೇಕು.

ನಮ್ಮ ಕಡೆ ಕಬಡ್ಡಿ ಆಡಿದವರಿಗೆ ಇದು ಗೊತ್ತು. ರೈಡರ್ ಒಳಗೆ ಬಂದ ತಕ್ಷಣ ಕಾರ್ನರ್‌ನಲ್ಲಿ ನಿಂತವನು ಕಾಲಿಗೆ ಬೀಳುವುದಿಲ್ಲ. ರೈಡರ್ ತಿರುಗಿ, ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದ ಆ ಗಳಿಗೆಯಲ್ಲಿ, ಅದೂ ಪಕ್ಕದವನು ಕೈಜೋಡಿಸುತ್ತಾನೆ ಅನ್ನೋ ನಂಬಿಕೆ ಇದ್ದರೆ ಮಾತ್ರ ಹಿಡಿಯುತ್ತಾನೆ. ಫುಟ್‌ಬಾಲ್‌ನಲ್ಲೂ ಆ ಗಳಿಗೆಗಳಿವೆ. ಚೆಂಡು ಪಡೆಯುವವನು ನಮ್ಮ ಗೋಲಿಗೆ ಬೆನ್ನು ಹಾಕಿದ್ದಾಗ. ಮೊದಲ ಟಚ್ ಎಗರಿದಾಗ. ಪಾಸ್ ನಿಧಾನವಾಗಿ ಉರುಳಿ ಬರುವಾಗ.

ಉಳಿದ ಹೊತ್ತೆಲ್ಲ ಆರನೇ ನಂಬರಿನ ಕೆಲಸ ಪಾಸ್‌ನ ದಾರಿ ಮುಚ್ಚುವುದು. ಕರೆಂಟ್ ಹೋದಾಗ ದೀಪದ ಹತ್ತಿರ ಕೈ ಹಿಡಿದರೆ ಗೋಡೆಯೆಲ್ಲ ಕತ್ತಲಾಗುತ್ತೆ, ದೂರ ಹಿಡಿದರೆ ಅಂಗೈಯಷ್ಟೇ ನೆರಳು. ಚೆಂಡು ದೀಪ, ಆಟಗಾರ ಕೈ. ಹತ್ತಿರ ಹೋದಷ್ಟೂ ಹಿಂದಿನ ಜಾಸ್ತಿ ಜಾಗ ಅವನ ನೆರಳಲ್ಲಿರುತ್ತೆ, ಆದರೆ ಚೆಂಡು ಅವನನ್ನು ದಾಟಿಬಿಟ್ಟರೆ ಎಲ್ಲವೂ ಬಯಲು.

ಅದಕ್ಕೇ ಟೀಮು ಒತ್ತಾಗಿ ನಿಲ್ಲಬೇಕು. 1989 ಮತ್ತು 1990ರಲ್ಲಿ ಇಟಲಿಯ ಮಿಲಾನ್ ಕ್ಲಬ್ಬಿಗೆ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ಕೋಚ್ ಅರಿಗೊ ಸಾಕ್ಕಿ, ಮುಂದಿನ ಆಟಗಾರನಿಂದ ಡಿಫೆನ್ಸ್‌ವರೆಗೆ ಸುಮಾರು 25 ಮೀಟರ್ ಮಾತ್ರ ಇರಬೇಕು ಅಂತ ಹಟ ಹಿಡಿದಿದ್ದರು. ತಮ್ಮನ ಟೀಮಿನಲ್ಲಿ ಫಾರ್ವರ್ಡ್‌ಗಳು ಮೇಲೆ ಒತ್ತುತ್ತಿದ್ದರು, ಡಿಫೆನ್ಸ್ ಲೈನ್ ಮಾತ್ರ ಕೆಳಗೆ. ನಡುವಿನ ಅಷ್ಟೂ ಹೊಲಕ್ಕೆ ಒಬ್ಬನೇ ಕಾವಲುಗಾರ!

ಲೈನ್ ಮೇಲೆತ್ತಿ, ಆ ಮಿಡ್‌ಫೀಲ್ಡರ್‌ಗೆ ಜಾಗ ಬಿಡದೆ ಕಾಯುವ ಆ್ಯಂಕರ್ ರೋಲ್ ಕೊಟ್ಟು, ಪಕ್ಕದ ಇಬ್ಬರಿಗೆ ಪ್ರೆಸ್ಸಿಂಗ್ ಏರಿಸಿದೆವು. ಮುಂದಿನ ಮ್ಯಾಚ್‌ನಲ್ಲಿ ಅವನು ಮಾಡಿದ ಟ್ಯಾಕಲ್ ಕಡಿಮೆ, ಅಡ್ಡ ಸಿಕ್ಕಿಸಿಕೊಂಡ ಪಾಸ್ ಜಾಸ್ತಿ.