2ರ 67ನೇ ಘಾತದಿಂದ 1 ಕಳೆದರೆ

ನಾಲ್ಕು ಕೋಟಿಗೂ ಜಾಸ್ತಿ ಅಂಕಿಗಳ ಅವಿಭಾಜ್ಯ ಸಂಖ್ಯೆ ಸಿಕ್ಕಿದೆ ಎಂದು 2024ರಲ್ಲಿ ಸುದ್ದಿ ಬಂತು. ಆದರೆ ಆರ್‌ಎಸ್‌ಎ-2048 ಎಂಬ ಬರೀ 617 ಅಂಕಿಗಳ ಸಂಖ್ಯೆಯನ್ನು ಅಪವರ್ತನಗಳಾಗಿ, ಅಂದರೆ ಗುಣಿಸಿದರೆ ಅದೇ ಸಿಗುವ ಚಿಕ್ಕ ಸಂಖ್ಯೆಗಳಾಗಿ, ಒಡೆಯಲು ಯಾರಿಗೂ ಆಗಿಲ್ಲ ಎಂದೂ ಓದುತ್ತೇವೆ. ಎರಡೂ ನಿಜವೇ. ಇದು ಹೇಗೆ ಎಂದು ತಿಳಿಯಲು 147573952589676412927 ಎಂಬ ಸಂಖ್ಯೆಯ ಕಥೆ ನೋಡಬೇಕು.

2ರ 67ನೇ ಘಾತದಿಂದ 1 ಕಳೆದರೆ ಸಿಗುವುದು ಇದು. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ, 257ರವರೆಗಿನ ಯಾವ ಘಾತಗಳಲ್ಲಿ ಇಂಥ ಸಂಖ್ಯೆ ಅವಿಭಾಜ್ಯ ಎಂದು ಪಟ್ಟಿ ಕೊಟ್ಟರು. ಅದರಲ್ಲಿ 67 ಕೂಡ ಇತ್ತು. ಪರೀಕ್ಷಿಸುವ ದಾರಿ ಆಗ ಯಾರ ಬಳಿಯೂ ಇರಲಿಲ್ಲ. ಪಟ್ಟಿಯಲ್ಲಿ 67 ಇನ್ನೂರು ವರ್ಷ ಹಾಗೇ ಉಳಿಯಿತು.

1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ ಅದು ಅವಿಭಾಜ್ಯ ಅಲ್ಲ ಎಂದು ತೋರಿಸಿದರು. ಆದರೆ ಒಂದೇ ಒಂದು ಅಪವರ್ತನವನ್ನೂ ಕೊಡಲಿಲ್ಲ! ಅವರ ವಿಧಾನವನ್ನು ಅಮೆರಿಕದ ಗಣಿತಜ್ಞ ಲೆಹ್ಮರ್ 1930ರಲ್ಲಿ ಸರಳಗೊಳಿಸಿದರು. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಇದನ್ನೇ ಮತ್ತೆ ಮತ್ತೆ, ಘಾತಕ್ಕಿಂತ ಎರಡು ಕಡಿಮೆ ಸಲ ಮಾಡಿ. ಕೊನೆಗೆ ಶೇಷ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 2ರ 5ನೇ ಘಾತದಿಂದ 1 ಕಳೆದರೆ 31. ಅದಕ್ಕೆ 4, ಆಮೇಲೆ 14, ಆಮೇಲೆ 194. ಇದರ ಶೇಷ 8. ಮುಂದಿನದು 62, ಶೇಷ ಸೊನ್ನೆ. ಮೂರೇ ಹೆಜ್ಜೆ, 31 ಅವಿಭಾಜ್ಯ. 67ಕ್ಕೆ 65 ಹೆಜ್ಜೆ ಬೇಕು, ಕೊನೆಗೆ ಸೊನ್ನೆ ಬರುವುದಿಲ್ಲ. ಒಡೆಯದೆಯೇ ತೀರ್ಪು ಸಿಕ್ಕಿತು, ಅಲ್ವಾ? ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇಲ್ಲಿದೆ.

ಜನ ನೆನಪಿಡುವುದು ಮಾತ್ರ 1903ರ ಅಕ್ಟೋಬರನ್ನು. ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತಜ್ಞರ ಸಭೆಯ ಮುಂದೆ ಫ್ರ್ಯಾಂಕ್ ನೆಲ್ಸನ್ ಕೋಲ್ ಆ ಅಪವರ್ತನಗಳನ್ನು ಇಟ್ಟರು: 193707721 ಮತ್ತು 761838257287. ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಗುಣಿಸಿ ತೋರಿಸಿದರು ಎಂದು ನಂತರದ ಪುಸ್ತಕಗಳು ಹೇಳುತ್ತವೆ. ಕೋಲ್ ಕುರುಡಾಗಿ ಹುಡುಕಬೇಕಿರಲಿಲ್ಲ. ಈ ಸಂಖ್ಯೆಯ ಯಾವ ಅಪವರ್ತನದಿಂದ 1 ಕಳೆದರೂ 67ರ ಎರಡರಷ್ಟಾದ 134ರಿಂದ ಭಾಗವಾಗಲೇಬೇಕು. 193707720ನ್ನು ಭಾಗಿಸಿ ನೋಡಿ, ಸರಿಯಾಗಿ 1445580 ಬರುತ್ತದೆ. ಅಷ್ಟಾದರೂ ಕೈಯಲ್ಲೇ ಮಾಡಬೇಕಾದ ಲೆಕ್ಕ ಬೆಟ್ಟದಷ್ಟಿತ್ತು. ಆ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೆ ಲ್ಯೂಕಾ ಹೆಸರೇ ಬಾರದೆ ಈ ಕಥೆ ಹೇಳುವುದು ಅನ್ಯಾಯ.

ಮುಂದೆ ಕಂಪ್ಯೂಟರ್‌ಗಳು ಬಂದವು, ಪರೀಕ್ಷೆ ಓಡತೊಡಗಿತು. ಒಡೆಯುವ ಕೆಲಸ ಹಿಂದೆಯೇ ಉಳಿಯಿತು. ಬ್ಯಾಂಕ್ ವ್ಯವಹಾರಗಳ ಗುಟ್ಟು ಕಾಯುವ ಆರ್‌ಎಸ್‌ಎ ಪದ್ಧತಿ ನಿಂತಿರುವುದೇ ಈ ಅಂತರದ ಮೇಲೆ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಹೊಸ ವಿಧಾನ ಕೊಟ್ಟರು. ಯಾವುದೇ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಅದು ಖಚಿತವಾಗಿ, ಅಂಕಿಗಳು ಹೆಚ್ಚಿದಂತೆ ಕೆಲಸ ಕೈಮೀರದ ಹಾಗೆ ಹೇಳುತ್ತದೆ. ಅದೂ ಅಪವರ್ತನ ಕೊಡುವುದಿಲ್ಲ.

67ರ ಹಳೆಯ ಸ್ಥಿತಿಯಲ್ಲೇ ಇವತ್ತು 1277 ಇದೆ. 2ರ 1277ನೇ ಘಾತದಿಂದ 1 ಕಳೆದರೆ 385 ಅಂಕಿಗಳ ಸಂಖ್ಯೆ. ಅದು ಅವಿಭಾಜ್ಯ ಅಲ್ಲ ಎಂಬುದು ಗೊತ್ತು. ಅದರ ಒಂದು ಅಪವರ್ತನವೂ ಇನ್ನೂ ಸಿಕ್ಕಿಲ್ಲ.