ಪದ ಪರಿಚಯ: ಇಮ್ಯೂನ್ ಕಾಂಪ್ಲೆಕ್ಸ್

ಕೋವಿಡ್ ಬಂದು ಹೋದ ಮೇಲೆ ಆ್ಯಂಟಿಬಾಡಿ ಅನ್ನುವ ಪದ ಬೆಂಗಳೂರಿನಲ್ಲಿ ಯಾರಿಗೂ ಹೊಸದಲ್ಲ. ಲಸಿಕೆ ಹಾಕಿಸಿಕೊಂಡು, ಆಮೇಲೆ ಲ್ಯಾಬಿಗೂ ಹೋಗಿ ಆ್ಯಂಟಿಬಾಡಿ ಎಷ್ಟಿದೆ ಅಂತ ನೋಡಿಸಿಕೊಂಡವರಿದ್ದಾರೆ. ಅದು ವೈರಸ್ಸನ್ನು ಹಿಡಿದು ತಡೆಯುತ್ತದೆ ಅನ್ನುವುದೂ ಗೊತ್ತು. ಹಿಡಿದ ಮೇಲೆ ಏನಾಗುತ್ತದೆ? ನನಗೆ ತುಂಬಾ ಇಷ್ಟವಾಗುವುದು ಅಲ್ಲಿಂದ ಮುಂದಿನ ಕಥೆ.

ಆ್ಯಂಟಿಬಾಡಿಯೂ ಅದು ಹಿಡಿದ ಆ್ಯಂಟಿಜೆನ್ನೂ (ವೈರಸ್ಸಿನ ಪ್ರೋಟೀನಿನಂಥ, ಆ್ಯಂಟಿಬಾಡಿ ಗುರುತಿಸುವ ವಸ್ತು) ಅಂಟಿಕೊಂಡು ಆಗುವ ಗಂಟೇ ಇಮ್ಯೂನ್ ಕಾಂಪ್ಲೆಕ್ಸ್.

ಆ್ಯಂಟಿಬಾಡಿ ಕವಲೊಡೆದ ಕೋಲಿನ ಹಾಗಿರುತ್ತದೆ. ಎರಡು ಕವಲುಗಳ ತುದಿ ಆ್ಯಂಟಿಜೆನ್ನನ್ನು ಹಿಡಿಯುತ್ತದೆ. ಕೆಳಗಿನ ಬುಡಕ್ಕೆ ಎಫ್‌ಸಿ ಭಾಗ ಅನ್ನುತ್ತಾರೆ. ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ಡೆಂಡ್ರಿಟಿಕ್ ಕೋಶಗಳು ಅಂತ ಇವೆ, ಅವುಗಳ ಮೈಮೇಲೆ ಈ ಬುಡವನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳಿವೆ. ಒಂಟಿ ಆ್ಯಂಟಿಬಾಡಿ ಬಂದರೆ ಕೋಶ ಅಷ್ಟಾಗಿ ಎಚ್ಚೆತ್ತುಕೊಳ್ಳುವುದಿಲ್ಲ. ಗಂಟಿನಲ್ಲಿ ಹಲವು ಬುಡಗಳು ಒಟ್ಟಿಗೆ ಇರುತ್ತವಲ್ಲ, ಆಗ ರಿಸೆಪ್ಟರ್‌ಗಳೂ ಒಟ್ಟುಗೂಡುತ್ತವೆ. ಕೋಶ ಇಡೀ ಗಂಟನ್ನು ನುಂಗಿಬಿಡುತ್ತದೆ.

ಇಲ್ಲಿಗೆ ಟಿ ಕೋಶದ ಪ್ರವೇಶ. ಇದೂ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಅದಕ್ಕೆ ಇಡೀ ವೈರಸ್ ಗುರುತು ಸಿಗುವುದಿಲ್ಲ. ಪ್ರೋಟೀನನ್ನು ಚೂರು ಮಾಡಿ, ಎಂಎಚ್‌ಸಿ ಅನ್ನುವ ಅಣುವಿನ ಮೇಲೆ ಇಟ್ಟು ತೋರಿಸಬೇಕು. ಡೆಂಡ್ರಿಟಿಕ್ ಕೋಶ ಮಾಡುವುದು ಇದನ್ನೇ. ಎರಡನೇ ವರ್ಗದ ಎಂಎಚ್‌ಸಿಯಲ್ಲಿ ಇಟ್ಟರೆ ನೆರವಿಗೆ ಬರುವ ಸಿಡಿ4 ಟಿ ಕೋಶಗಳು ಏಳುತ್ತವೆ. ಮೊದಲನೇ ವರ್ಗದಲ್ಲಿ ಇಟ್ಟರೆ ಸೋಂಕು ತಗುಲಿದ ಕೋಶವನ್ನೇ ಕೊಲ್ಲುವ ಸಿಡಿ8 ಕೋಶಗಳು. ಹೊರಗಿನಿಂದ ನುಂಗಿದ್ದು ಸಾಮಾನ್ಯವಾಗಿ ಎರಡನೇ ವರ್ಗಕ್ಕೇ ಹೋಗುವುದು. ಎರಡೂ ಕಡೆ ತೋರಿಸುವುದರಲ್ಲಿ ಡೆಂಡ್ರಿಟಿಕ್ ಕೋಶಗಳದ್ದು ಎತ್ತಿದ ಕೈ. ಆ್ಯಂಟಿಬಾಡಿ ಇಲ್ಲದೆಯೂ ಈ ಕೆಲಸ ನಡೆಯುತ್ತದೆ, ಆದರೆ ಇದ್ದರೆ ಸ್ವಲ್ಪವೇ ಆ್ಯಂಟಿಜೆನ್ ಸಾಕು.

ಡೆಂಡ್ರಿಟಿಕ್ ಕೋಶಗಳನ್ನು ವಿಜ್ಞಾನಿ ರಾಲ್ಫ್ ಸ್ಟೈನ್‌ಮನ್ 1973ರಲ್ಲಿ ಗುರುತಿಸಿದರು. 2011ರಲ್ಲಿ ಅವರಿಗೆ ನೊಬೆಲ್ ಬಂತು. ಪ್ರಕಟಣೆಗೆ ಮೂರು ದಿನ ಮುಂಚೆ ಅವರು ತೀರಿಕೊಂಡಿದ್ದರು.

ಕ್ಯಾನ್ಸರ್ ಚಿಕಿತ್ಸೆಯಲ್ಲಿ, ಆ್ಯಂಟಿಬಾಡಿಯ ಗಂಟು ಹೀಗೆ ಟಿ ಕೋಶಗಳನ್ನು ಎಬ್ಬಿಸುವುದರ ಮಹತ್ವ ದೊಡ್ಡದು. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಹರ್2 ಅನ್ನುವ ಪ್ರೋಟೀನ್ ಜಾಸ್ತಿ ಇರುತ್ತದೆ. ಅದಕ್ಕೆ ಕೊಡುವ ಟ್ರಾಸ್ಟುಜುಮ್ಯಾಬ್ ಕೂಡ ಒಂದು ಆ್ಯಂಟಿಬಾಡಿಯೇ. ನಮ್ಮ ಊರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರ್ ಅನ್ನು, ಅಂದರೆ ಮೂಲ ಔಷಧವನ್ನು ತುಂಬಾ ಹೋಲುವ ಔಷಧವನ್ನು, ಭಾರತದ ಮಾರುಕಟ್ಟೆಗೆ ತಂದಿತು. ಈ ಔಷಧ ಹರ್2 ಕಳಿಸುವ ಬೆಳವಣಿಗೆಯ ಸಂಕೇತವನ್ನು ತಡೆಯುತ್ತದೆ, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ನ್ಯಾಚುರಲ್ ಕಿಲ್ಲರ್ ಕೋಶಗಳನ್ನು ಕರೆತರುತ್ತದೆ. ಇಷ್ಟೇ ಅಲ್ಲ. ಹರ್2ಗೆ ಅಂಟುವ ಆ್ಯಂಟಿಬಾಡಿಯನ್ನು ಇಲಿಗಳಿಗೆ ಕೊಟ್ಟು ನೋಡಿದ ಪ್ರಯೋಗದಲ್ಲಿ, ಅವುಗಳ ಸಿಡಿ8 ಕೋಶಗಳನ್ನು ತೆಗೆದಾಗ ಔಷಧದ ಪರಿಣಾಮವೇ ಕುಗ್ಗಿತು. ಟಿ ಕೋಶಗಳಿಗೂ ಅದರಲ್ಲಿ ಪಾಲಿತ್ತು ಅಂತಾಯಿತು, ಅಲ್ವಾ?

ಗಂಟುಗಳು ಯಾವಾಗಲೂ ಒಳ್ಳೆಯದನ್ನೇ ಮಾಡುವುದಿಲ್ಲ. ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆಯಲ್ಲಿ ಆ್ಯಂಟಿಬಾಡಿಗಳು ನಮ್ಮದೇ ಡಿಎನ್ಎಗೆ ಅಂಟುತ್ತವೆ. ಆ ಗಂಟುಗಳು ಕಿಡ್ನಿಯ ಸೋಸುವ ಭಾಗದಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ. ಲೂಪಸ್ ಇರುವವರಿಗೆ ಡಾಕ್ಟರು ಪದೇ ಪದೇ ಮೂತ್ರ ಪರೀಕ್ಷೆ ಬರೆದುಕೊಡುವುದು ಇದಕ್ಕೇ. ಪ್ರೋಟೀನ್ ಸೋರುತ್ತಿದ್ದರೆ ಅದರಲ್ಲಿ ಬೇಗ ಗೊತ್ತಾಗುತ್ತದೆ.