ಇವತ್ತೇ ಬೇಕಾದ ಐನೂರು ರೂಪಾಯಿ: ಆಪತ್ತಿನ ದುಡ್ಡಿನ ಹಿಂದಿನ ಕಥೆ

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು. ಕಿರುಸಾಲ ಕೊಟ್ಟು ಆಮೇಲೆ ಮನೆ ಮುಂದೆ ನಿಂತು ಕಿರುಕುಳ ಕೊಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಚಾಮರಾಜನಗರ, ಮೈಸೂರು ಕಡೆಯಿಂದ ದಿನಾ ಸುದ್ದಿ ಬರುತ್ತಿತ್ತು: ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ.

ವಸೂಲಿಗಾರರ ಬಗ್ಗೆ ಆಗ ಜಾಸ್ತಿ ಚರ್ಚೆಯಾಯಿತು. ಸಾಲ ಯಾಕೆ ಬೇಕಾಯಿತು ಅನ್ನೋದು ಅಷ್ಟಾಗಿ ಬರಲಿಲ್ಲ. ಎಷ್ಟೋ ಮನೆಗಳಲ್ಲಿ ಮೊದಲ ಸಾಲ ತೀರಾ ಚಿಕ್ಕದು. ಮಗುವಿಗೆ ಜ್ವರ, ಎರಡು ವಾರ ಕೂಲಿ ಇಲ್ಲ, ಬಾಡಿಗೆ ಬಾಕಿ. ಆ ಗಳಿಗೆಗೆ ಪಕ್ಕದಲ್ಲೇ ಯಾರಾದರೂ ಕೈಗಡ ಕೊಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಕೊಡುವವರಿಲ್ಲದಾಗ ಓಲೆ ಗಿರವಿಗೆ ಹೋಗುತ್ತದೆ, ಆಮೇಲೆ ಒಂದು ಸಾಲ ತೀರಿಸೋಕೆ ಇನ್ನೊಂದು.

ಈ ಕೈಗಡವನ್ನು ಊರೇ ಸೇರಿ ಕೊಡುವ ಏರ್ಪಾಡು ನಮ್ಮಲ್ಲಿ ಹೊಸದೇನಲ್ಲ. ಮದುವೆಯಲ್ಲಿ ಮುಯ್ಯಿ ಬರೆದಿಟ್ಟುಕೊಳ್ಳುವ ನೋಟ್‌ಬುಕ್ ಯಾರ ಮನೆಯಲ್ಲಿಲ್ಲ ಹೇಳಿ? ನಾಟಿಗೆ ಮುಯ್ಯಾಳು, ಬೀದಿಯಲ್ಲಿ ಚೀಟಿ. ಆದರೆ ಇವೆಲ್ಲ ಒಂದೊಂದು ಮನೆಗೆ ಕಷ್ಟ ಬಂದಾಗ ನಡೆಯುತ್ತವೆ. ಇಡೀ ಊರಿಗೇ ಬಂದಾಗ ಕೈ ಚಾಚುವುದು ಯಾರ ಹತ್ತಿರ?

1876ರಿಂದ 78ರವರೆಗೆ ಆಗಿದ್ದು ಅದೇ. ಧಾತು, ಈಶ್ವರ ಸಂವತ್ಸರದ ಬರ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರ ಗಣತಿಯಲ್ಲಿ ಸಿಕ್ಕವರು ಸುಮಾರು 42 ಲಕ್ಷ. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ವಿಜಾಪುರ ಕಡೆಯೂ ಕಥೆ ಅದೇ. ಸರ್ಕಾರ ಗಂಜಿ ಕೇಂದ್ರ ತೆರೆಯಿತು, ಬರಗಾಲದ ಕಾಮಗಾರಿ ಶುರು ಮಾಡಿತು. ಖರ್ಚು ಹೆಚ್ಚಾಯಿತು ಅಂತ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಕೂಲಿಯನ್ನೇ ಇಳಿಸಿದ. ಇಡೀ ದಿನ ಕಲ್ಲು ಹೊತ್ತ ಗಂಡಾಳಿಗೆ ಒಂದು ಪೌಂಡ್ ಕಾಳಿನ ಲೆಕ್ಕ, ಅಂದರೆ ಅರ್ಧ ಕೆ.ಜಿ.ಗೂ ಕಮ್ಮಿ, ಮೇಲೆ ಚಿಲ್ಲರೆ ಕಾಸು. ಸುಮ್ನೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅನ್ನೋ ಮಾತು ಆಗಲೂ ಇತ್ತು. ಈಗ ಗ್ಯಾರಂಟಿಗಳ ಬಗ್ಗೆ ಕೇಳುವಾಗ ಹೊಸದು ಅನಿಸುತ್ತದೆ, ಅಷ್ಟೇ.

ಬರ ಮುಗಿದರೂ ಸಾಹುಕಾರರ ಸಾಲ ಮುಗಿಯಲಿಲ್ಲ. ರೈತರನ್ನು ಅದರಿಂದ ಬಿಡಿಸೋದು ಹೇಗೆ ಅಂತ ನೋಡಿಕೊಂಡು ಬರಲು ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಅವರನ್ನು ಯುರೋಪಿಗೆ ಕಳಿಸಿತು. ಅವರು 1890ರ ದಶಕದಲ್ಲಿ ಭಾರಿ ವರದಿ ಕೊಟ್ಟರು. ಅದರ ಸಾರ ಎರಡೇ ಮಾತು: ರೈಫೈಸನ್‌ನನ್ನು ಹುಡುಕಿ.

ಯಾರು ಈ ರೈಫೈಸನ್? ಜರ್ಮನಿಯ ವೈಯರ್‌ಬುಷ್ ಅನ್ನೋ ಹಳ್ಳಿಯ ಮೇಯರ್. 1846-47ರ ಚಳಿಗಾಲದಲ್ಲಿ ಅಲ್ಲಿ ಬೆಳೆ ಕೈಕೊಟ್ಟು ರೊಟ್ಟಿ ತುಟ್ಟಿಯಾಯಿತು. ಸರ್ಕಾರದಿಂದ ಹಿಟ್ಟು ಬಂತು, ಜೊತೆಗೆ ಒಂದು ಆದೇಶ: ನಗದು ಕೊಟ್ಟವರಿಗೆ ಮಾತ್ರ. ಹಸಿದವರ ಹತ್ತಿರ ನಗದು ಎಲ್ಲಿಂದ ಬರಬೇಕು? ಆತ ಉಳ್ಳವರನ್ನು ಸೇರಿಸಿ ದುಡ್ಡು ಎತ್ತಿದ, ಊರಿಗೆ ಒಂದು ಒಲೆಮನೆ ಕಟ್ಟಿಸಿದ, ರೊಟ್ಟಿಯನ್ನು ಕಡಿಮೆ ಬೆಲೆಗೆ ಉದ್ದರಿ ಕೊಡಿಸಿದ. ಸುಗ್ಗಿ ಆದ ಮೇಲೆ ಕೊಡಿ ಅಂದ. ಮುಂದೆ ಉಳ್ಳವರ ಉತ್ಸಾಹ ಇಳಿಯಿತು, ದಾನ ಎಷ್ಟು ದಿನ ಅಂತ ನಡೆಯುತ್ತೆ ಅಲ್ವಾ. ಆಗ ಸಾಲ ಬೇಕಾದವರೇ ಸದಸ್ಯರಾಗಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಸಂಘ ಮಾಡಿದ. ಅದು 1864.

ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮಾರನೇ ವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಈ ಕಾಯ್ದೆಯಡಿ ದೇಶದ ಮೊದಲ ಕೃಷಿ ಪತ್ತಿನ ಸಂಘ ಅಂತ ಅದಕ್ಕೆ ಹೆಸರು. ಇವತ್ತಿಗೂ ಸಹಕಾರ ಸಪ್ತಾಹ ಬಂದರೆ ಭಾಷಣಗಳಲ್ಲಿ ಆ ಊರಿನ ಹೆಸರು ಬರುತ್ತದೆ.

ಆಮೇಲೆ ಏನಾಯಿತು? ಸೊಸೈಟಿಗಳು ಬೆಳೆದವು. ಬೆಳೆ ಸಾಲ, ಗೊಬ್ಬರ, ಚುನಾವಣೆ, ಸಾಲ ಮನ್ನಾ ಎಲ್ಲ ಬಂತು. ಪಹಣಿ ಇದ್ದವರಿಗೆ ಅನುಕೂಲವಾಯಿತು. ಹಸಿವಿಗೆ ಅಂತ ಶುರುವಾಗಿದ್ದ ಏರ್ಪಾಡಿನಲ್ಲಿ, ಜಮೀನಿಲ್ಲದ ಹೆಣ್ಣುಮಗಳು ಆಸ್ಪತ್ರೆ ಖರ್ಚಿಗೆ ಅಂತ ಹೋದರೆ ಕೊಡಲು ಏನೂ ಇರಲಿಲ್ಲ. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಗಮನಿಸಬೇಕಾದ್ದು ಇದನ್ನೇ. ಆಪತ್ತಿಗೆ ಅಂತ ಹುಟ್ಟಿದ್ದು ದೊಡ್ಡದಾಗುತ್ತಾ ಹೋದಂತೆ ಆಪತ್ತನ್ನೇ ಮರೆಯುತ್ತದೆ.

ಅದು ಇನ್ನೊಮ್ಮೆಯೂ ಆಯಿತು. 1980ರ ದಶಕದ ಮಧ್ಯದಲ್ಲಿ ಮೈರಾಡಾ ಅನ್ನೋ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕರ್ನಾಟಕದ ಹಳ್ಳಿಗಳಲ್ಲಿ ದೊಡ್ಡ ಸೊಸೈಟಿಗಳು ಒಡೆದವು. ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನ ತಾವೇ ಸಣ್ಣ ಗುಂಪು ಕಟ್ಟಿಕೊಂಡರು. 1987ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು. ಸ್ವಸಹಾಯ ಸಂಘ ಅಂತ ನಾವು ಕರೆಯೋದರ ಬೇರು ಇಲ್ಲಿದೆ.

ಆ ಕಾಲದ ಸಂಘದ ವಾರದ ಸಭೆ ಹೀಗೆ ನಡೆಯುತ್ತಿತ್ತು. ಚಾಪೆ ಹಾಸಿ ಸುತ್ತ ಕೂರುತ್ತಾರೆ. ನಡುವೆ ಬೀಗ ಹಾಕಿದ ತಗಡಿನ ಪೆಟ್ಟಿಗೆ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ. ಐದೋ ಹತ್ತೋ ರೂಪಾಯಿ ಉಳಿತಾಯ ಬೀಳುತ್ತದೆ. ಅಷ್ಟರಲ್ಲಿ ಒಬ್ಬಳು ಸೆರಗು ಸರಿಮಾಡಿಕೊಂಡು ಹೇಳುತ್ತಾಳೆ: "ಅಕ್ಕಾ, ಮಗೂಗೆ ಮೂರು ದಿನದಿಂದ ಜ್ವರ, ನೂರು ರೂಪಾಯಿ ಬೇಕಿತ್ತು." "ಹೋದ ಸಲದ್ದು ಇನ್ನೂ ಐವತ್ತಿದೆಯಲ್ಲೇ" ಅಂತ ಒಬ್ಬರು. "ಅವಳ ಗಂಡ ಹಾಸಿಗೆ ಹಿಡಿದಿದಾನೆ ಕಣ್ರೀ, ಕೊಡಿ" ಅಂತ ಮತ್ತೊಬ್ಬರು. ಪುಸ್ತಕಕ್ಕೆ ಸಹಿ, ಕೈಗೆ ದುಡ್ಡು. ಅರ್ಜಿ ಇಲ್ಲ, ಜಾಮೀನು ಇಲ್ಲ. ಎಮ್ಮೆ ಕೊಳ್ಳಲು ಸಾಲ ಕೊಡುತ್ತಿದ್ದ ಬ್ಯಾಂಕುಗಳು ಅಕ್ಕಿಗೆ, ಔಷಧಿಗೆ ಕೊಡುತ್ತಿರಲಿಲ್ಲ. ಸಂಘ ಕೊಡುತ್ತಿತ್ತು.

2000ದ ಹೊತ್ತಿಗೆ ಸ್ತ್ರೀಶಕ್ತಿ ಯೋಜನೆಯಿಂದ ಸಂಘಗಳು ಊರೂರಿಗೆ ಬಂದವು. ಬ್ಯಾಂಕ್ ಸಾಲದ ಮೊತ್ತ ಏರಿತು. ಹೆಂಗಸರು ಗುಂಪಾಗಿ ಸಾಲ ತೀರಿಸುತ್ತಾರೆ ಅನ್ನೋದು ಗೊತ್ತಾದ ಮೇಲೆ ಮೈಕ್ರೋಫೈನಾನ್ಸ್ ಕಂಪನಿಗಳೂ ಬಂದವು. ಗುಂಪು ಅದೇ, ವಾರದ ಸಭೆ ಅದೇ, ದುಡ್ಡು ಮಾತ್ರ ಹೊರಗಿನದು. ಕಂತು ತಪ್ಪಿದವಳ ಮನೆ ಮುಂದೆ ಗೆಳತಿಯರೇ ಹೋಗಿ ಕೂರುವ ಸ್ಥಿತಿ ಬಂತು. 2009ರಲ್ಲಿ ಕೋಲಾರ, ರಾಮನಗರ, ಶಿಡ್ಲಘಟ್ಟಗಳಲ್ಲಿ ವಸೂಲಿ ನಿಂತೇ ಹೋಯಿತು. 2010ರಲ್ಲಿ ಆಂಧ್ರ ಸರ್ಕಾರ ಈ ಕಂಪನಿಗಳಿಗೆ ಕಡಿವಾಣ ಹಾಕಲು ಸುಗ್ರೀವಾಜ್ಞೆ ತಂದಿತು. 2022ರಲ್ಲಿ ರಿಸರ್ವ್ ಬ್ಯಾಂಕ್ ಒಂದು ಮಿತಿ ಹಾಕಿತು: ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಕಾಗದದ ಮೇಲೆ ಒಳ್ಳೆಯದೇ. ಮೂರೇ ವರ್ಷಕ್ಕೆ ನಮ್ಮಲ್ಲೂ ಸುಗ್ರೀವಾಜ್ಞೆ ಬೇಕಾಯಿತು.

ಸರ್ಕಾರವೇ ನೇರ ಕೊಟ್ಟರೆ ಆಗದೇ? ಕೊಟ್ಟಿದ್ದೂ ಇದೆ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್‌ನಿಂದ ಕೆಲಸ ಹೋದ ಕ್ಷೌರಿಕರು, ಮಡಿವಾಳರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಣೆಯಾಯಿತು. ಒಳ್ಳೆಯ ನಿರ್ಧಾರ. ಆದರೆ ಚಾಲಕರು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕಿತ್ತು, ಆಧಾರ್, ಲೈಸೆನ್ಸ್ ತೋರಿಸಬೇಕಿತ್ತು. ಬ್ಯಾಡ್ಜ್ ಇಲ್ಲದೆ ಬಾಡಿಗೆ ಆಟೋ ಓಡಿಸುವವನ ಕಷ್ಟ ಯಾವ ದಾಖಲೆಯಲ್ಲಿ ಸಿಗುತ್ತದೆ? ಆ ವಾರಗಳಲ್ಲಿ ಮೊದಲು ಮನೆ ತಲುಪಿದ್ದು ಬೀದಿಯ ಹುಡುಗರು, ಮಸೀದಿ, ದೇವಸ್ಥಾನ, ಕಾರ್ಮಿಕ ಸಂಘಗಳು ಹಂಚಿದ ರೇಷನ್ ಕಿಟ್. ಐದು ಕೆ.ಜಿ. ಅಕ್ಕಿ, ಬೇಳೆ, ಎಣ್ಣೆ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಅನ್ನೋದು ಬೀದಿಗೆ ಗೊತ್ತಿತ್ತು. ಹಾಗಂತ ಬೀದಿಯ ನೆರವೇ ಸಾಕು ಅಂತಲ್ಲ. ಬೀದಿಗೆ ಬೇಡದವರು, ಜಾತಿಯಿಂದಲೋ ಹೊಸಬರು ಅಂತಲೋ ಹೊರಗುಳಿದವರು, ಅಲ್ಲೂ ಹೊರಗೇ ಉಳಿಯುತ್ತಾರೆ. ಅವರಿಗೆ ಸರ್ಕಾರವೇ ಗತಿ.

ಎರಡನ್ನೂ ಸೇರಿಸುವ ಒಂದು ದಾರಿ ಈಗಲೂ ಇದೆ, ಸುದ್ದಿಯಲ್ಲಿ ಇಲ್ಲ ಅಷ್ಟೇ. ಸಂಘಗಳ ಒಕ್ಕೂಟಕ್ಕೆ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಿಂದ, ಅಂದರೆ ನಮ್ಮಲ್ಲಿ ಸಂಜೀವಿನಿ ಅಂತ ನಡೆಯುವ ಯೋಜನೆಯಿಂದ, ಆಪತ್ತಿಗೆ ಅಂತಲೇ ಬೇರೆ ನಿಧಿ ಸಿಗುತ್ತದೆ. ಊಟಕ್ಕಿಲ್ಲದಾಗ, ದಿಢೀರ್ ಕಾಯಿಲೆ ಬಂದಾಗ ಬಳಸಲು. ಯಾರಿಗೆ ಕೊಡಬೇಕು ಅಂತ ಒಕ್ಕೂಟದ ಹೆಂಗಸರೇ ತೀರ್ಮಾನಿಸುತ್ತಾರೆ. ನಿಮ್ಮ ಮನೆಯವರು ಸಂಘದಲ್ಲಿದ್ದರೆ ಮುಂದಿನ ಸಭೆಯಲ್ಲಿ ಕೇಳಿಸಿ ನೋಡಿ: ಆ ನಿಧಿಯಲ್ಲಿ ಎಷ್ಟಿದೆ, ಕಳೆದ ವರ್ಷ ಯಾವ ಮನೆಗೆ ಹೋಯಿತು, ಕೇಳಿದ ದಿನಕ್ಕೂ ಕೊಟ್ಟ ದಿನಕ್ಕೂ ನಡುವೆ ಎಷ್ಟು ದಿನ ಹಿಡಿಯಿತು.